ಕುಪವಾಡದ ಬಹುಭಾಷಿಕತೆ

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ, ಕರ್ನಾಟಕದ ಗಡಿಗೆ ಸಮೀಪದಲ್ಲಿರುವ ಕುಪವಾಡವು, ಭಾಷೆ ಮತ್ತು ಸಮಾಜಗಳು ಒಂದನ್ನೊಂದು ರೂಪಿಸುವ ಬಗೆಯನ್ನು ಪರಿಶೀಲಿಸುವ ಸಮಾಜಭಾಷಾವಿಜ್ಞಾನದಲ್ಲಿ ಮತ್ತೆ ಮತ್ತೆ ಉಲ್ಲೇಖಗೊಳ್ಳುವ ಊರು. ಇಂಡೋ-ಆರ್ಯನ್ ಬಳಗದ ಮರಾಠಿ, ಉರ್ದುಗಳೂ ದ್ರಾವಿಡ ಬಳಗದ ಕನ್ನಡವೂ ಇಲ್ಲಿ ವಾಕ್ಯರಚನೆಯಲ್ಲಿ ಬಹುಮಟ್ಟಿಗೆ ಒಂದೇ ಅಚ್ಚಿಗೆ ಬಂದಿದ್ದವೆಂಬುದನ್ನು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು.

ಊರಿನ ಜೈನರು ಮತ್ತು ಲಿಂಗಾಯತರು ಮನೆಯಲ್ಲಿ ಕನ್ನಡವನ್ನೂ ಮುಸ್ಲಿಮರು ಉರ್ದುವನ್ನೂ ದಲಿತರು ಮತ್ತಿತರ ಭೂರಹಿತರು ಮರಾಠಿಯನ್ನೂ ಆಡುತ್ತಿದ್ದರು. ಹಗ್ಗ ಹೊಸೆಯುವವರ ಮನೆಮಾತು ತೆಲುಗು. ಭೂಮಿಯಿದ್ದ ಜೈನ, ಮುಸ್ಲಿಂ ಸಮುದಾಯಗಳೆರಡರದ್ದೂ ಮನೆಮಾತಲ್ಲದ ಮರಾಠಿಯೇ ಸಮುದಾಯಗಳ ನಡುವಿನ ವ್ಯವಹಾರಕ್ಕೆ ತಟಸ್ಥ ಭಾಷೆಯಾಗಿ ಒದಗಿತು. ಹೊಲಗೆಲಸಕ್ಕೂ ಕೊಡುಕೊಳ್ಳುವಿಕೆಗೂ ಶತಮಾನಗಳ ಕಾಲ ದಿನದಿನವೂ ಭಾಷೆ ಬದಲಿಸಬೇಕಾಗಿದ್ದುದರಿಂದ, ಒಂದು ನುಡಿಯಿಂದ ಮತ್ತೊಂದಕ್ಕೆ ದಾಟುವಾಗ ವಾಕ್ಯದ ಕಟ್ಟನ್ನು ಉಳಿಸಿಕೊಂಡು ಪದಗಳನ್ನು ಮಾತ್ರ ಬದಲಿಸಿದರೆ ಸಾಕೆಂಬ ಸ್ಥಿತಿ ಕ್ರಮೇಣ ಏರ್ಪಟ್ಟಿತು. ಭಾಷೆಗಳ ರಚನೆ ಹೀಗೆ ಪರಸ್ಪರ ಸಮೀಪಿಸುವುದನ್ನು ಭಾಷಾ ಸಮ್ಮಿಳನ ಎನ್ನಲಾಗುತ್ತದೆ.

ಸೊಪ್ಪು ಕೊಯ್ದು ತಂದೆನೆಂಬುದನ್ನು ಇಲ್ಲಿಯ ಉರ್ದುವಿನಲ್ಲಿ ‘ಪಾಲಾ ಜರಾ ಕಾಟ್ ಕೆ ಲೇಕೆ ಆಯಾ’ ಎಂದೂ ಮರಾಠಿಯಲ್ಲಿ ‘ಪಾಲಾ ಜರಾ ಕಾಪೂನ್ ಘೇಊನ್ ಆಲೋ’ ಎಂದೂ ಹೇಳುತ್ತಿದ್ದರು. ಕನ್ನಡ ವಾಕ್ಯವೂ ಕೊಯ್ದು, ತಗೊಂಡು, ಬಂದೆ ಎಂಬ ಇದೇ ಕ್ರಮದಲ್ಲಿ ಸಾಗುತ್ತಿತ್ತು. ಪ್ರಮಾಣ ಉರ್ದುವಿನಲ್ಲಿ ನಿರ್ಜೀವ ವಸ್ತುಗಳಿಗೂ ಇರುವ ಸ್ತ್ರೀಲಿಂಗ ಕುಪವಾಡದ ಉರ್ದುವಿನಲ್ಲಿ ಬಿದ್ದುಹೋಗಿ, ಕನ್ನಡದಂತೆ ಅರ್ಥವನ್ನು ಅನುಸರಿಸುವ ಲಿಂಗವ್ಯವಸ್ಥೆ ನೆಲೆಗೊಂಡಿತು. ಕನ್ನಡವೂ ಬದಲಾಗದೆ ಉಳಿಯಲಿಲ್ಲ: ‘ಇದು ನಿಮ್ಮ ಮನೆ’ ಎಂದು ಕ್ರಿಯಾಪದವಿಲ್ಲದೆ ಮುಗಿಯಬಹುದಾದ ವಾಕ್ಯಕ್ಕೆ, ಮರಾಠಿ, ಉರ್ದುಗಳ ರೀತಿಯಲ್ಲಿ, ಕೊನೆಗೆ ‘ಐತಿ’ ಸೇರಿತು.

ವ್ಯಾಕರಣ ಇಷ್ಟು ಬೆರೆತರೂ ಭಾಷೆಗಳು ಒಂದಾಗಲಿಲ್ಲವೆಂಬುದು ಈ ಅಧ್ಯಯನದ ಅತ್ಯಂತ ಬೆಲೆಯುಳ್ಳ ಅಂಶ. ಪದಕೋಶ, ಅದರಲ್ಲಿಯೂ ಪ್ರತ್ಯಯಗಳ ರೂಪಗಳು, ಬಹುಮಟ್ಟಿಗೆ ಬೇರೆಯಾಗಿಯೇ ಉಳಿದವು. ಏಕೆಂದರೆ ಮನೆಮಾತು ಜಾತಿ ಮತ್ತು ಧರ್ಮದ ಗುರುತಾಗಿತ್ತು, ಆ ಗಡಿಗಳನ್ನು ಸಮಾಜ ಬಿಗಿಯಾಗಿ ಕಾಯ್ದುಕೊಂಡಿತ್ತು. ಆದುದರಿಂದ ಕುಪವಾಡವನ್ನು ಕೇವಲ ಸೌಹಾರ್ದದ ನಿದರ್ಶನವೆಂದು ಓದುವುದು ಅಪೂರ್ಣ. ಕೂಡಿ ದುಡಿಯುವ ಅಗತ್ಯ, ಬೇರೆಯಾಗಿ ಬದುಕುವ ಕಟ್ಟುಪಾಡು, ಎರಡರ ಮುದ್ರೆಯೂ ಅದರ ಮಾತಿನ ಮೇಲಿದೆ.

ಭಾಷಾವಾರು ಪ್ರಾಂತಗಳ ರಚನೆಯಿಂದ ಈ ಸಮತೋಲ ಕದಲಿತು. 1960ರಲ್ಲಿ ಮಹಾರಾಷ್ಟ್ರ ರಾಜ್ಯ ರೂಪುಗೊಂಡ ಬಳಿಕ ಮರಾಠಿಯು ತಟಸ್ಥ ನುಡಿಯಾಗಿ ಮಾತ್ರ ಉಳಿಯದೆ ಆಡಳಿತ ಮತ್ತು ಶಾಲೆಗಳ ಅಧಿಕಾರದ ಭಾಷೆಯಾಯಿತು. ಕುಪವಾಡ 1998ರಿಂದ ಸಾಂಗ್ಲಿ, ಮೀರಜ್‌ಗಳೊಡನೆ ಸೇರಿ ಒಂದೇ ಮಹಾನಗರಪಾಲಿಕೆಯ ಭಾಗವಾಗಿದೆ.