ಲಿನಕ್ಸ್ ಅಂಗಳದಲ್ಲಿ ವಿಂಡೋಸ್ ಆಟ

1996ರಲ್ಲಿ ಪಿಸಿಕ್ವೆಸ್ಟ್ ಪತ್ರಿಕೆ ಓದುಗರಿಗೆ ಲಿನಕ್ಸ್ ಸಿ.ಡಿ. ಹಂಚಿತು. ಅದಕ್ಕಾಗಿ ದುಡಿದವರಲ್ಲಿ ಬೆಂಗಳೂರಿನ ಅತುಲ್ ಚಿಟ್ನಿಸ್ ಒಬ್ಬರು. ಬಾಣಸವಾಡಿಯ ಮನೆಯೊಂದರಲ್ಲಿ ಅದನ್ನು ಕಂಪ್ಯೂಟರಿಗೆ ಹಾಕಿಕೊಂಡರು ಎನ್ನೋಣ. ಮಕ್ಕಳ ವಿಂಡೋಸ್ ಆಟಗಳು ಮಾತ್ರ ಓಡುವುದಿಲ್ಲ! ಏಕೆ?

ಪ್ರೊಸೆಸರ್ ಅದೇ, ಆಟದ ಆದೇಶಗಳು ಅದಕ್ಕೆ ಅರ್ಥವಾಗುತ್ತವೆ. ಆದರೆ ಕಿಟಕಿ ತೆರೆಯಲು, ಚಿತ್ರ ಬಿಡಿಸಲು, ಸದ್ದು ಹೊರಡಿಸಲು ಆಟವು ವಿಂಡೋಸನ್ನೇ ಕೋರುತ್ತದೆ. ಲಿನಕ್ಸಿನಲ್ಲಿ ಆ ಕೋರಿಕೆಗೆ ಓಗೊಡುವವರಿಲ್ಲ.

1993ರಲ್ಲಿ ಆರಂಭವಾದ 'ವೈನ್' ತಂತ್ರಾಂಶ ಈ ಕೋರಿಕೆಗಳನ್ನು ತಾನು ಪಡೆದು, ಲಿನಕ್ಸಿನಿಂದ ಪೂರೈಸಿಕೊಡುತ್ತದೆ. 'ವೈನ್ ಅನುಕರಣ ಯಂತ್ರವಲ್ಲ' ಎಂಬುದೇ ಹೆಸರಿನ ವಿಸ್ತರಣೆ. ಮೊದಮೊದಲು ಅದು ಓಡಿಸಿದ್ದು ಸಾಲಿಟೇರ್ ಎಂಬ ಇಸ್ಪೀಟಾಟವನ್ನು. ಅಷ್ಟರಲ್ಲಿ ವಿಂಡೋಸ್ 95 ಬಂದು ಗುರಿಯೇ ಮುಂದೆ ಸರಿಯಿತು. ಮೈಕ್ರೋಸಾಫ್ಟಿನ ಆಕರ ಸಂಕೇತ ನೋಡುವಂತಿಲ್ಲ. ಯಾವ ಕೋರಿಕೆಗೆ ವಿಂಡೋಸ್ ಹೇಗೆ ಉತ್ತರಿಸುತ್ತದೆಂದು ಪರೀಕ್ಷಿಸಿಯೇ ಬರೆಯಬೇಕು. ಅಲೆಕ್ಸಾಂಡರ್ ಜೂಲಿಯಾರ್ ನೇತೃತ್ವದಲ್ಲಿ 1.0 ಆವೃತ್ತಿ ಹೊರಬಂದಾಗ 2008. ಹದಿನೈದು ವರ್ಷಗಳ ಈ ತಾಳ್ಮೆಗೆ ಸಿಕ್ಕ ಪ್ರಚಾರ ತೀರಾ ಕಡಿಮೆ.

2018ರಲ್ಲಿ ವಾಲ್ವ್ ಸಂಸ್ಥೆ ವೈನ್ ಆಧರಿಸಿ 'ಪ್ರೋಟಾನ್' ತಂದಿತು. 2022ರ ಸ್ಟೀಮ್ ಡೆಕ್ ಎಂಬ ಕೈಯಾಟಿಕೆಯಲ್ಲಿ ವಿಂಡೋಸ್ ಆಟಗಳು ಓಡುವುದು ಅದರಿಂದಲೇ. ಆದರೂ ಮೋಸದಾಟ ತಡೆಯುವ ತಂತ್ರಾಂಶವಿರುವ ಕೆಲವು ಆನ್‌ಲೈನ್ ಆಟಗಳು ಲಿನಕ್ಸನ್ನು ಇನ್ನೂ ಒಳಗೆ ಬಿಟ್ಟುಕೊಂಡಿಲ್ಲ.