ರಿಕ್ಕರ್ಟನ್ನಿನ ಮರದ ಮನೆ, ನಮ್ಮೂರಿನ ಪಹಣಿ

ಶನಿವಾರ ಬೆಳಿಗ್ಗೆ ರಿಕ್ಕರ್ಟನ್ ಹೌಸಿನ ಆವರಣದಲ್ಲಿ ಸೇರುವ ಸಂತೆಗೆ ಹೋಗದವರು ನಮ್ಮಲ್ಲಿ ಕಡಿಮೆ. ಸೊಪ್ಪು, ಮೊಟ್ಟೆ, ಬ್ರೆಡ್ಡು ಕೊಂಡು, ಮಕ್ಕಳನ್ನು ಹೊಳೆಯ ದಂಡೆಯಲ್ಲಿ ಬಾತುಕೋಳಿ ನೋಡಲು ಬಿಟ್ಟು, ಒಂದು ಕಾಫಿ ಕುಡಿದು ಮನೆಗೆ ಮರಳುತ್ತೇವೆ. ಅದೇ ಆವರಣದಲ್ಲಿ ಒಂದು ಪುಟ್ಟ ಮರದ ಮನೆಯಿದೆ. ಸ್ಕಾಟ್ಲೆಂಡಿನಿಂದ ಬಂದ ವಿಲಿಯಂ ಡೀನ್ಸ್, ಜಾನ್ ಡೀನ್ಸ್ ಎಂಬ ಅಣ್ಣತಮ್ಮಂದಿರು 1843ರಲ್ಲಿ ಕಟ್ಟಿಕೊಂಡದ್ದು. ಕ್ಯಾಂಟರ್ಬರಿ ಬಯಲಿನಲ್ಲಿ ಉಳಿದಿರುವ ಕಟ್ಟಡಗಳಲ್ಲೆಲ್ಲ ಇದೇ ಹಳೆಯದು. ಮಾವೋರಿ ಜನ ಪೂತರಿಂಗಮೊತು ಎಂದು ಕರೆಯುತ್ತಿದ್ದ ಈ ಜಾಗಕ್ಕೆ ಅಣ್ಣತಮ್ಮಂದಿರು ಏರ್‌ಷೈರಿನ ತಮ್ಮ ಊರು ರಿಕ್ಕರ್ಟನ್ನಿನ ಹೆಸರಿಟ್ಟರು. ಬಿಟ್ಟುಬಂದ ಊರಿನ ಹೆಸರನ್ನು ಹೊಸ ಊರಿನ ಬಾಗಿಲಿಗೆ ಬರೆದುಕೊಳ್ಳುವ ಆಸೆ ನಮಗೂ ಗೊತ್ತಿರುವುದೇ.

ವಿಲಿಯಂ 1851ರಲ್ಲಿ ಹಡಗು ಒಡೆದು ಸಮುದ್ರದಲ್ಲಿ ಸತ್ತ. ಜಾನ್ 1854ರಲ್ಲಿ ತೀರಿಕೊಂಡ. ಉಳಿದವರು ಅವನ ಹೆಂಡತಿ ಜೇನ್ ಮತ್ತು ಒಂದು ಎಳೆಯ ಮಗು. ಆಕೆ ಮೊಮ್ಮಕ್ಕಳಿಗೆಂದು ಬರೆದಿಟ್ಟ ಪತ್ರಗಳು ಪುಸ್ತಕವಾಗಿವೆ. ಅಣ್ಣತಮ್ಮಂದಿರು ಊರಿಗೆ ಬರೆದ ಕಾಗದಗಳೂ 1937ರಲ್ಲಿ ಅಚ್ಚಾದವು. ಆದ್ದರಿಂದಲೇ ಆ ಮನೆಯ ಮುಂದೆ ನಿಂತವರಿಗೆ ಇಂದಿಗೂ ಇಲ್ಲಿ ಯಾರು ಇದ್ದರು, ಯಾರು ಯಾವಾಗ ಹೋದರು ಎಂದು ಹೇಳಲು ಸಾಧ್ಯವಾಗಿದೆ.

ಈಗ ಊರಿನ ದಕ್ಷಿಣದ ಗುಡ್ಡದ ಕಡೆ ನೋಡೋಣ. ಕ್ಯಾಷ್ಮಿಯರ್ ಎಂಬ ಹೆಸರು ನಮ್ಮ ಕಾಶ್ಮೀರದ್ದೇ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾಗಿದ್ದ ಜಾನ್ ಕ್ರಾಕ್ರಾಫ್ಟ್ ವಿಲ್ಸನ್ 1854ರಲ್ಲಿ, ಅಂದರೆ ಜಾನ್ ಡೀನ್ಸ್ ತೀರಿಕೊಂಡ ವರ್ಷವೇ, ಭಾರತದಿಂದ ಬರುವಾಗ ತನ್ನೊಂದಿಗೆ ಭಾರತೀಯ ಆಳುಗಳನ್ನೂ ಕರೆತಂದ. ಅವರು ಇರಲೆಂದು 1870ರ ಸುಮಾರಿನಲ್ಲಿ ಕಟ್ಟಿಸಿದ ಕಲ್ಲುಮನೆ ಇಂದಿಗೂ ಅಲ್ಲಿದೆ. ವಿಲ್ಸನ್ ಹುಟ್ಟಿದ್ದು, ಸತ್ತದ್ದು, ಸರ್ ಎನ್ನಿಸಿಕೊಂಡದ್ದು ಎಲ್ಲವೂ ಪುಸ್ತಕಗಳಲ್ಲಿವೆ. ಆಳುಗಳು ಮಾತ್ರ ಬಹುಮಟ್ಟಿಗೆ ‘ಭಾರತೀಯ ಸೇವಕರು’ ಎಂಬ ಎರಡೇ ಪದಗಳಲ್ಲಿ ಮುಗಿದುಹೋಗಿದ್ದಾರೆ. ಅವರ ತಾಯಿ ಯಾರು, ಊರು ಯಾವುದು, ಊರಿಗೆ ಒಂದು ಕಾಗದವನ್ನಾದರೂ ಬರೆಸಿ ಕಳಿಸಿದರೇ? ಡೀನ್ಸ್ ಮನೆಯಷ್ಟೇ ಹತ್ತಿರದಲ್ಲಿ, ಅದೇ ಕಾಲದಲ್ಲಿ ಬದುಕಿದ ಜನ. ಅವರ ಮನೆಯ ಗೋಡೆ ಉಳಿಯಿತು, ಹೆಸರು ಉಳಿಯಲಿಲ್ಲ.

ನಮ್ಮ ಮಕ್ಕಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದಾಗಲೆಲ್ಲ ನನಗೆ ಆ ಕಲ್ಲುಮನೆ ನೆನಪಾಗುತ್ತದೆ. ತಾತನವರೆಗೆ ಎಲ್ಲ ಸಲೀಸು. ಮುತ್ತಜ್ಜ ಎಂದೊಡನೆ ಬೆಂಗಳೂರಿಗೆ ಫೋನು. ಮುತ್ತಜ್ಜಿಯ ಹೆಸರು ಕೇಳಿದರೆ ಆ ಕಡೆಯೂ ಮೌನ.

ಈ ಊರಿನವರು ತಮ್ಮ ಹಿರಿಯರನ್ನು ಹುಡುಕುವ ಕ್ರಮವನ್ನು ಒಮ್ಮೆ ನೋಡಿ ಕಲಿಯುವುದು ಒಳ್ಳೆಯದು. 1967ರಲ್ಲಿ ಹುಟ್ಟಿದ ನ್ಯೂಜಿಲೆಂಡ್ ವಂಶಾವಳಿ ಸಂಘಕ್ಕೆ ಊರೂರಿನಲ್ಲಿ ಶಾಖೆಗಳಿವೆ. ನಿವೃತ್ತರಾದವರು ಸ್ಮಶಾನದ ಕಲ್ಲುಗಳ ಬರಹವನ್ನು ಒಂದೊಂದಾಗಿ ಪ್ರತಿ ಮಾಡಿ ಪಟ್ಟಿ ತಯಾರಿಸುತ್ತಾರೆ. ನಗರದ ನಡುವಿನ ತೂರಂಗ ಗ್ರಂಥಾಲಯ 2018ರಲ್ಲಿ ತೆರೆಯಿತು. ಅಲ್ಲಿ ಮನೆತನದ ಚರಿತ್ರೆ ಹುಡುಕುವವರಿಗೆ ನೆರವು ಸಿಗುತ್ತದೆ. ವಿಶ್ವವಿದ್ಯಾಲಯದ ಮ್ಯಾಕ್‌ಮಿಲನ್ ಬ್ರೌನ್ ಗ್ರಂಥಾಲಯ ನಮ್ಮ ರಿಕ್ಕರ್ಟನ್ನಿನ ಪಕ್ಕದಲ್ಲೇ, ಐಲಮ್ಮಿನಲ್ಲಿದೆ. ವಿಗ್ರಮ್ಮಿನ ಸರ್ಕಾರಿ ಪತ್ರಾಗಾರದಲ್ಲಿ ಹಳೆಯ ಕ್ಯಾಂಟರ್ಬರಿ ಪ್ರಾಂತೀಯ ಸರ್ಕಾರದ ಕಡತಗಳಿವೆ. ‘ಲಿಟಲ್ಟನ್ ಟೈಮ್ಸ್’, ‘ದಿ ಪ್ರೆಸ್’ ಮೊದಲಾದ ಹಳೆಯ ಪತ್ರಿಕೆಗಳನ್ನು ರಾಷ್ಟ್ರೀಯ ಗ್ರಂಥಾಲಯದ ‘ಪೇಪರ್ಸ್ ಪಾಸ್ಟ್’ನಲ್ಲಿ ಮನೆಯಲ್ಲೇ ಕುಳಿತು ಓದಬಹುದು. ಭಾರತೀಯರನ್ನು ಹುಡುಕುವವರು ಆ ಕಾಲದ ಪದಗಳಿಂದಲೇ ಹುಡುಕಬೇಕು; ‘ಹಿಂದೂ’ವನ್ನು ಅಂದು ಬೇರೆ ಕಾಗುಣಿತದಲ್ಲಿ ಬರೆಯುತ್ತಿದ್ದರು, ‘ಕೂಲಿ’, ‘ಲಾಸ್ಕರ್’ ಎಂಬವೂ ಧಾರಾಳವಾಗಿ ಬರುತ್ತವೆ. ಓದುವಾಗ ಮನಸ್ಸಿಗೆ ಕಸಿವಿಸಿಯಾಗುತ್ತದೆ, ಆದರೆ ಆ ಪದಗಳ ಹಿಂದೆಯೇ ನಮ್ಮವರು ಸಿಗುವುದು.

ಇಲ್ಲಿಯ ಕಾಗದವೂ ಎಲ್ಲರನ್ನೂ ಸಮನಾಗಿ ಕಂಡಿಲ್ಲ. ಯುರೋಪಿಯನ್ನರ ಜನನ ಮರಣಗಳ ನೋಂದಣಿ 1848ರಲ್ಲಿ ಶುರುವಾದರೆ ಮಾವೋರಿಗಳದ್ದು 1913ರಲ್ಲಿ. ಅವರ ವಂಶಾವಳಿ, ಅಂದರೆ ವಕಪಾಪ, ಬಾಯಿಂದ ಬಾಯಿಗೆ ಉಳಿದುಬಂತು. ಭಾರತೀಯರು ಬ್ರಿಟಿಷ್ ಪ್ರಜೆಗಳೇ ಎಂಬ ಲೆಕ್ಕದಲ್ಲಿ ಪೌರತ್ವಕ್ಕೆ ಅರ್ಜಿ ಹಾಕಬೇಕಾಗಿರಲಿಲ್ಲ. ಹಾಗಾಗಿ ಜರ್ಮನ್ ರೈತನಿಗೆ ಸಿಗುವ ಕಡತ ಅವರಿಗೆ ಸಿಗುವುದಿಲ್ಲ.

ಇನ್ನು ನಮ್ಮ ನಾಡಿಗೆ ಬರೋಣ. ‘ನಮ್ಮಲ್ಲಿ ಏನೂ ಬರೆದಿಟ್ಟಿಲ್ಲ’ ಎಂದು ನಾವೆಲ್ಲ ಸುಲಭವಾಗಿ ಹೇಳಿಬಿಡುತ್ತೇವೆ. ಇದು ತಪ್ಪು. ಇಲ್ಲಿಯವರು ಚರ್ಚಿನ ಪುಸ್ತಕದಲ್ಲಿ ಹುಡುಕುವುದನ್ನು ನಾವು ಕಂದಾಯದ ಪುಸ್ತಕದಲ್ಲಿ ಹುಡುಕಬೇಕು, ಅಷ್ಟೇ. ಜನನ ಮರಣ ನೋಂದಣಿಗೆ ಇಡೀ ದೇಶಕ್ಕೆ ಒಂದೇ ಕಾನೂನು ಬಂದದ್ದು 1969ರಲ್ಲಿ. ಆದರೆ ಭೂಮಿಗೆ ತೆರಿಗೆ ಕೊಟ್ಟವನ ಹೆಸರು ಬರೆದುಕೊಳ್ಳುವುದನ್ನು ಯಾವ ಸರ್ಕಾರವೂ ಮರೆತಿಲ್ಲ.

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೆಯ ಪಹಣಿಗಳೂ ಮ್ಯುಟೇಶನ್ ಪುಸ್ತಕಗಳೂ ಇರುತ್ತವೆ. ಭೂಮಿ ಯೋಜನೆಯಲ್ಲಿ ಗಣಕಕ್ಕೆ ಸೇರಿದ್ದು ಈಚಿನ ಪಹಣಿಗಳು ಮಾತ್ರ. ಹಿಂದಿನವಕ್ಕೆ ಸರ್ವೆ ನಂಬರು ಹಿಡಿದು ಅರ್ಜಿ ಕೊಡಬೇಕು. ಇವುಗಳಲ್ಲಿ ನಮಗೆ ಬಂಗಾರದಂಥದ್ದು ಪೌತಿ ಖಾತೆ. ಮನೆಯ ಯಜಮಾನ ಸತ್ತಾಗ ಅವನ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಕ್ರಮ ಅದು. ಸತ್ತವರು ಯಾರು, ಉಳಿದವರು ಯಾರು, ಅವರ ಸಂಬಂಧವೇನು ಎಂಬುದು ಅಲ್ಲಿ ಬರಲೇಬೇಕು. ನಮ್ಮ ಮನೆಯಲ್ಲಿ ಎಲ್ಲರೂ ‘ದೊಡ್ಡಮ್ಮ’ ಎಂದೇ ಹೇಳುತ್ತಿದ್ದ ಮುತ್ತಜ್ಜಿಗೂ ಒಂದು ಹೆಸರಿತ್ತೆಂಬುದು ನನಗೆ ತಿಳಿದದ್ದು ಅಂಥದೊಂದು ನಕಲಿನಿಂದ. ಗಂಡ ಸತ್ತು ಮಕ್ಕಳು ಚಿಕ್ಕವರಾಗಿದ್ದ ಕಾರಣ ಖಾತೆ ಆಕೆಯ ಹೆಸರಿಗೆ ಆಗಿತ್ತು. ಓದಿ ಹೇಳಿದಾಗ ನನ್ನ ತಾಯಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹೆಣ್ಣುಮಕ್ಕಳ ಹೆಸರು ಹಳೆಯ ಕಾಗದದಲ್ಲಿ ಸಿಗುವುದು ಹೀಗೆ ವಿಧವೆಯರಾದಾಗ ಎಂಬುದು ಬೇಸರದ ಸಂಗತಿ. 1994ರ ಕರ್ನಾಟಕದ ತಿದ್ದುಪಡಿ, 2005ರ ಕೇಂದ್ರದ ತಿದ್ದುಪಡಿಗಳು ಹಿಂದೂ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ ಮೇಲೆ ಅವರನ್ನು ವಂಶವೃಕ್ಷದಿಂದ ಬಿಡುವಂತಿಲ್ಲ.

ಜಮೀನಿಲ್ಲದವರ ಪಾಡೇನು ಎಂದು ಕೇಳಬಹುದು. ಗೇಣಿದಾರರಾಗಿದ್ದವರು ಪಹಣಿಯ 9ನೇ ಕಾಲಮ್ಮಿನಲ್ಲಿ ಒಡೆಯರಾಗಿ ಸಿಗದಿದ್ದರೂ 12ನೇ ಕಾಲಮ್ಮಿನಲ್ಲಿ ಉಳುವವರಾಗಿ ಸಿಗಬಹುದು. 1974ರ ಭೂಸುಧಾರಣೆಯ ನಂತರ ಅವರು 7ನೇ ನಮೂನೆಯಲ್ಲಿ ಹಾಕಿದ ಅರ್ಜಿಗಳು ಭೂನ್ಯಾಯ ಮಂಡಳಿಯ ಕಡತಗಳಲ್ಲಿವೆ. ಎಷ್ಟು ತಲೆಮಾರಿನಿಂದ ಉಳುತ್ತಿದ್ದೇವೆ ಎಂಬ ಹೇಳಿಕೆಗಳನ್ನು ಅಲ್ಲಿ ಹುಡುಕಬೇಕು. ಕೂಲಿ ಮಾಡಿದವರಿಗೆ ಅದೂ ಇಲ್ಲ. ಅವರಿಗೆ ಶಾಲೆಯ ದಾಖಲಾತಿ ಪುಸ್ತಕವೇ ಗತಿ, ಕರಾವಳಿಯಲ್ಲಾದರೆ ಮಿಷನ್ನಿನ ಪುಸ್ತಕಗಳೂ ಉಂಟು. ಶಾಲೆಯ ಪುಸ್ತಕದ ಜನ್ಮದಿನವನ್ನು ಮಾತ್ರ ನಂಬಬೇಡಿ. ನಮ್ಮ ಹಿಂದಿನ ತಲೆಮಾರಿನಲ್ಲಿ ಎಷ್ಟೋ ಜನ ಜೂನ್, ಜುಲೈ ತಿಂಗಳಲ್ಲೇ ಹುಟ್ಟಿದ್ದು ಹೆಡ್‌ಮಾಸ್ತರರ ಕೃಪೆ.

ಕಚೇರಿಗೆ ಹೋಗುವ ಮೊದಲು ತಿಳಿದುಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಆ ವರ್ಷ ನಮ್ಮೂರನ್ನು ಆಳುತ್ತಿದ್ದವರು ಯಾರು? ಹಳೆಯ ಮೈಸೂರಿನವರಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರ, ಮೈಸೂರಿನ ಅದರ ವಿಭಾಗ. ಧಾರವಾಡ, ಬೆಳಗಾವಿ, ವಿಜಯಪುರದವರ ಕಾಗದ ಮುಂಬಯಿ ಸರ್ಕಾರದ್ದು, ಅನೇಕ ವೇಳೆ ಮೋಡಿ ಲಿಪಿಯದ್ದು. ಮಂಗಳೂರಿನವರು ಮದರಾಸಿನ ಕಡೆ ನೋಡಬೇಕು. ಕಾರವಾರ, ಶಿರಸಿ, ಕುಮಟೆಯವರ ಗೊಂದಲ ಇನ್ನೂ ಸ್ವಾರಸ್ಯದ್ದು: 1862ರವರೆಗೆ ಮದರಾಸು, ಆಮೇಲೆ ಮುಂಬಯಿ. ಬಳ್ಳಾರಿ 1953ರವರೆಗೆ ಮದರಾಸಿನದು. ಕಲಬುರಗಿ, ರಾಯಚೂರು, ಬೀದರಿನವರಿಗೆ ಹೈದರಾಬಾದಿನ ಉರ್ದು, ಪಾರಸಿ ಕಡತಗಳು. ಕೊಡಗಿನದು ಬೇರೆಯೇ ಆಡಳಿತ. ಕಾಸರಗೋಡಿನ ಬಂಧುಗಳ ಹಳೆಯ ಕಾಗದ ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯದು, 1956ರ ನಂತರದ್ದು ಕೇರಳದ್ದು. ಅಜ್ಜ ಊರು ಬಿಟ್ಟು ಕದಲದಿದ್ದರೂ ಅವರ ಕಾಗದ ಮೂರು ರಾಜಧಾನಿಗಳಲ್ಲಿ ಹಂಚಿಹೋಗಿರಬಹುದು.

ಸರ್ಕಾರದ ಹೊರಗೂ ಬರಹವಿತ್ತು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಸವರಿ, ಬಳಪದಿಂದ ಬರೆದ ಕಡತಗಳು ಶೃಂಗೇರಿ ಮಠದಲ್ಲಿ ಬಹಳ ಇದ್ದವು, ಎ. ಕೆ. ಶಾಸ್ತ್ರಿಯವರು ಅವುಗಳಿಂದ ಆಯ್ದು ಪ್ರಕಟಿಸಿದ್ದಾರೆ. ಕಾಶಿ, ಗಯೆಗೆ ಹೋದ ಹಿರಿಯರಿದ್ದರೆ ಅಲ್ಲಿಯ ಪಂಡರ ಬಹಿಗಳಲ್ಲಿ ಅವರ ಹೆಸರು ಇರಬಹುದು. ಊರಿನ ಹಳೆಯ ಹೆಸರಿಗೆ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ನೋಡಬಹುದು, ಅದರಲ್ಲಿ ನಮ್ಮ ತಾತ ಸಿಗುವ ಆಸೆ ಬೇಡ.

ಇವೆಲ್ಲಕ್ಕಿಂತ ನನಗೆ ದೊಡ್ಡವರಾಗಿ ಕಾಣುವವರು ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನೊಂದಿಗೆ, ಗಂಟೆ ಹಿಡಿದು ಮನೆಯ ಮುಂದೆ ಬಂದು ನಿಂತು, ಆ ಮನೆತನದ ಮೂಲಸ್ಥಳ ಯಾವುದು, ಬೆಡಗು ಯಾವುದು, ಯಾರು ಯಾವ ಊರಿಗೆ ಒಡೆದು ಹೋದರು ಎಂದು ತಲೆಮಾರುಗಳನ್ನು ಹೇಳುವವರು. ಒಂದೊಂದು ಹೆಳವರ ಮನೆಗೆ ಇಂತಿಷ್ಟು ಊರುಗಳು, ಇಂತಿಷ್ಟು ಒಕ್ಕಲು ಎಂಬ ಹಕ್ಕುಂಟು. ಲಿಂಗಾಯತ, ಒಕ್ಕಲಿಗ, ಕುರುಬ ಮೊದಲಾದ ಒಕ್ಕಲು ಮನೆಗಳಲ್ಲಿ ಇವರಿಗೆ ಕಾಳು, ಬಟ್ಟೆ ಕೊಡುವ ವಾಡಿಕೆ. ಬಾಯಿಪಾಠದ ಜೊತೆಗೆ ಪುಸ್ತಕಗಳನ್ನೂ ಇಟ್ಟುಕೊಂಡಿದ್ದಾರೆ. ಪೇಟೆಯ ಅಪಾರ್ಟ್‌ಮೆಂಟಿಗೆ ಹೆಳವರು ಬರುವುದಿಲ್ಲ. ಊರಿನ ಮನೆಗೆ ಬೀಗ ಬಿದ್ದರೆ ಅವರ ಪುಸ್ತಕದಲ್ಲಿ ನಮ್ಮ ಪುಟ ಅಲ್ಲಿಗೇ ನಿಲ್ಲುತ್ತದೆ. ಊರಿಗೆ ಹೋದಾಗ ನಿಮ್ಮ ಮನೆಯ ಹೆಳವರು ಯಾರೆಂದು ದೊಡ್ಡಪ್ಪನನ್ನೋ ಸೋದರಮಾವನನ್ನೋ ಕೇಳಿ. ಕಾಣಿಕೆ ಕೊಟ್ಟು, ಅವರ ಅಪ್ಪಣೆ ಪಡೆದು, ಹೇಳಿದ್ದನ್ನು ಧ್ವನಿಮುದ್ರಿಸಿ. ರಿಕ್ಕರ್ಟನ್ನಿನಲ್ಲಿ ಹುಟ್ಟಿದ ಮಕ್ಕಳ ಹೆಸರನ್ನೂ ಅವರಿಗೆ ಬರೆಸಿ ಬನ್ನಿ.

ಇಲ್ಲಿ ನಮ್ಮನ್ನು ಮುಂದೆ ಹುಡುಕುವವರಿಗೆ ಇನ್ನೊಂದು ತೊಡಕು ಕಾದಿದೆ: ನಮ್ಮ ಹೆಸರುಗಳೇ. ಇಲ್ಲಿಯ ಎಲ್ಲ ಪಟ್ಟಿಗಳೂ ಮನೆತನದ ಹೆಸರಿನ ಮೇಲೆ ನಿಂತಿವೆ. ನಮ್ಮ ಪಾಸ್‌ಪೋರ್ಟಿನಲ್ಲಿ ಒಬ್ಬರಿಗೆ ಅಪ್ಪನ ಹೆಸರು, ಒಬ್ಬರಿಗೆ ಊರಿನ ಹೆಸರು, ಇನ್ನೊಬ್ಬರಿಗೆ ಸ್ವಂತ ಹೆಸರೇ ಆ ಜಾಗದಲ್ಲಿ ಕುಳಿತಿದೆ. ಒಡಹುಟ್ಟಿದ ಇಬ್ಬರು ಬೇರೆ ಬೇರೆ ಅಕ್ಷರದ ಕೆಳಗೆ ಸಿಗುತ್ತಾರೆ. ಇನಿಷಿಯಲ್ಲಿನ ‘ಎಚ್’ ಎಂದರೆ ಹೊಸಹಳ್ಳಿಯೋ ಹಿರಿಯೂರೋ ಎಂದು ಇಂದು ಬರೆದಿಡದಿದ್ದರೆ ಮೊಮ್ಮಕ್ಕಳು ಊಹಿಸಲಾರರು. ಒಂದು ಹಾಳೆಯಲ್ಲಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ, ಊರು, ತಾಲ್ಲೂಕು, ಸರ್ವೆ ನಂಬರು ಗೊತ್ತಿದ್ದರೆ ಅದು, ಮನೆಯ ಹೆಣ್ಣುಮಕ್ಕಳ ತವರಿನ ಹೆಸರು ಇಷ್ಟನ್ನು ಬರೆದು ಎರಡು ಪ್ರತಿ ಮಾಡಿ ಇಡಿ. ಒಂದು ಇಲ್ಲಿ, ಒಂದು ಊರಿನಲ್ಲಿ. 2011ರ ಫೆಬ್ರವರಿ 22ರ ಭೂಕಂಪ ಕಂಡವರಿಗೆ ಎರಡು ಪ್ರತಿ ಏಕೆಂದು ಹೇಳಬೇಕಾಗಿಲ್ಲ. ಫೋಟೋಗಳ ಹಿಂದೆ ಪೆನ್ಸಿಲ್ಲಿನಲ್ಲಿ ಹೆಸರು ಬರೆಯಿರಿ, ಬಾಲ್‌ಪೆನ್ನು ಬೇಡ.

ಕೊನೆಗೆ ಸಂಘದ ಬಗ್ಗೆ ಒಂದು ಮಾತು. ನ್ಯೂಜಿಲೆಂಡಿನಲ್ಲಿ ಅಚ್ಚಾದ ಪುಸ್ತಕ, ಸಂಚಿಕೆಗಳನ್ನು ರಾಷ್ಟ್ರೀಯ ಗ್ರಂಥಾಲಯಕ್ಕೆ ಸಲ್ಲಿಸಬೇಕೆಂಬುದು ಇಲ್ಲಿಯ ಕಾನೂನು. 100ಕ್ಕಿಂತ ಕಡಿಮೆ ಅಚ್ಚಾದರೆ ಒಂದು ಪ್ರತಿ, ಹೆಚ್ಚಾದರೆ ಎರಡು. ಭಾಷೆ ಕನ್ನಡವಾದರೂ ಸರಿ. ಈ ಸಂಚಿಕೆಯನ್ನು ಕಳಿಸುವಾಗ ಹಿಂದಿನವನ್ನೂ ಸೇರಿಸಿ ಕಳಿಸೋಣ. ಹಳೆಯ ಸಂಚಿಕೆ, ಯುಗಾದಿ, ರಾಜ್ಯೋತ್ಸವಗಳ ಆಹ್ವಾನ ಪತ್ರಿಕೆ, ಸದಸ್ಯರ ಪಟ್ಟಿ ಯಾರ ಮನೆಯ ಗ್ಯಾರೇಜಿನಲ್ಲಿದ್ದರೂ, ಅರ್ಧ ಹರಿದಿದ್ದರೂ, ದಯವಿಟ್ಟು ಎಸೆಯದೆ ಮುಂದಿನ ಸಭೆಗೆ ತನ್ನಿ.