120 ಕಾಸು, ಒಂದು ಪಂಜು, ಒಂದು ಬೀಗದ ಕೈ: ಕಳ್ಳಂಬೆಳ್ಳದ ಜಗಲಿಯಲ್ಲಿ ಡ್ರ್ಯಾಗನ್ ಕ್ವೆಸ್ಟ್

ಫ್ರೀ ಫೈರ್ ಗೊತ್ತಿಲ್ಲದ ಹುಡುಗ ಈಗ ನಮ್ಮ ಕಡೆ ಸಿಗುವುದು ಕಷ್ಟ. ಹೆದ್ದಾರಿ ಪಕ್ಕದ ಬೇಕರಿ ಬೆಂಚಿನ ಮೇಲೆ, ಕೆರೆ ಏರಿಯ ಮೇಲೆ, ಸಿರಾ ಬಸ್ಸಿನ ಕೊನೇ ಸೀಟಿನಲ್ಲಿ ಎಲ್ಲಿ ನೋಡಿದರೂ ಫೋನ್ ಅಡ್ಡ ಹಿಡಿದು ಗುಂಡು ಹಾರಿಸುವವರೇ. ಈ ಬೇಸಿಗೆಯಲ್ಲಿ ನಾವು ಕಳ್ಳಂಬೆಳ್ಳದ ಗೆಳೆಯನ ಮನೆ ಜಗಲಿಯ ಮೇಲೆ ಕೂತು ಆಡಿದ ಆಟದಲ್ಲಿ ಮಾತ್ರ ಗುಂಡಿನ ಸದ್ದೇ ಇಲ್ಲ. ಅದು 1986ರ ಜಪಾನಿನ ಆಟ, ಹೆಸರು ಡ್ರ್ಯಾಗನ್ ಕ್ವೆಸ್ಟ್. ನಾವು ಆಡಿದ್ದು 1989ರಲ್ಲಿ ಅಮೆರಿಕಕ್ಕೆಂದು ಇಂಗ್ಲಿಷಿಗೆ ತಿರುಗಿಸಿದ ರೂಪ. ಅಲ್ಲಿ ಇದರ ಹೆಸರು ಡ್ರ್ಯಾಗನ್ ವಾರಿಯರ್.

ಆಡಿದ್ದು ಅಂದರೆ ಫೋನ್ ಹಿಡಿದವನು ಗೆಳೆಯನ ತಮ್ಮ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಫೇಲಾಗಿ, ಮರುಪರೀಕ್ಷೆಗೆ ಓದಬೇಕಾದ ಹೊತ್ತಿನಲ್ಲಿ ನಮ್ಮ ಜೊತೆ ಕೂತಿದ್ದ. ನಾವು ಸುತ್ತ ಕೂತು ಸಲಹೆ ಕೊಡುವವರು. ಗೆಳೆಯನ ಅಜ್ಜಿ ಬಾಗಿಲ ಬಳಿ ಅವರೆಕಾಳು ಸುಲಿಯುತ್ತ ನಡುನಡುವೆ ತೀರ್ಪು ಕೊಡುವವರು.

ಇಂಥ ಆಟಗಳಿಗೆ ರೋಲ್ ಪ್ಲೇಯಿಂಗ್ ಗೇಮ್ ಎನ್ನುತ್ತಾರೆ, ಚಿಕ್ಕದಾಗಿ ಆರ್‌ಪಿಜಿ. ವೇಷ ಕಟ್ಟಿ ಆಡುವ ಆಟ ಅಂದುಕೊಳ್ಳಿ. ನೀವು ಒಬ್ಬ ಪಾತ್ರಧಾರಿ. ಊರೂರು ತಿರುಗಬೇಕು, ಜನರನ್ನು ಮಾತಾಡಿಸಬೇಕು, ದುಡ್ಡು ಕೂಡಿಸಿ ಆಯುಧ ಕೊಳ್ಳಬೇಕು. ಹೊಡೆದಾಡುತ್ತ ಹೊಡೆದಾಡುತ್ತ ಬಲ ಹೆಚ್ಚಿಸಿಕೊಳ್ಳಬೇಕು. ಕೈಚಳಕ ಬೇಕಿಲ್ಲ, ಓದಬೇಕು. ಓದದಿದ್ದರೆ ಕಥೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ.

ಕಥೆ ಶುರುವಾಗುವುದು ಅರಮನೆಯ ಸಿಂಹಾಸನದ ಮುಂದೆ. ರಾಜ ಹೇಳುತ್ತಾನೆ: ಹಿಂದೆ ಎರ್ಡ್ರಿಕ್ ಎಂಬ ವೀರನಿದ್ದ, ನೀನು ಅವನ ವಂಶದವನು. ಡ್ರ್ಯಾಗನ್‌ಲಾರ್ಡ್ ಎಂಬ ದುಷ್ಟ ನಾಡಿನ ಬೆಳಕಿನ ಗೋಳವನ್ನು ಕದ್ದೊಯ್ದಿದ್ದಾನೆ, ಹೋಗಿ ತಾ. ಇಷ್ಟು ಹೇಳಿ ರಾಜ ಸುಮ್ಮನಾಗುತ್ತಾನೆ. ಕೋಣೆಯಲ್ಲಿ ಮೂರು ಪೆಟ್ಟಿಗೆಗಳಿವೆ. ಒಂದರಲ್ಲಿ 120 ಚಿನ್ನದ ಕಾಸು, ಒಂದರಲ್ಲಿ ಪಂಜು, ಒಂದರಲ್ಲಿ ಬೀಗದ ಕೈ. ಸೈನ್ಯವಿಲ್ಲ, ಕುದುರೆಯಿಲ್ಲ, ಕತ್ತಿಯೂ ಇಲ್ಲ.

"ರಾಜ್ಯ ಉಳಿಸಾಕೆ ಹೋಗೋನಿಗೆ ಇಷ್ಟೇನಾ ಕೊಡಾದು?" ಎಂದರು ಅಜ್ಜಿ. ಸರ್ಕಾರಿ ಯೋಜನೆಗಳ ಅನುಭವ ಇದ್ದವರ ಮಾತು.

ಆ ಕೋಣೆಯ ಬಾಗಿಲಿಗೆ ಬೀಗ. ಪೆಟ್ಟಿಗೆ ತೆರೆದು ಬೀಗದ ಕೈ ತೆಗೆದುಕೊಳ್ಳದೆ ಹೊರಗೆ ಹೋಗಲು ಆಗುವುದಿಲ್ಲ. ಬಾಗಿಲು ದಾಟಿದರೆ ಮೆಟ್ಟಿಲು, ಅದನ್ನು ಇಳಿಯಲೂ 'ಮೆಟ್ಟಿಲು' ಎಂಬ ಆಜ್ಞೆಯನ್ನು ಪಟ್ಟಿಯಿಂದ ಆರಿಸಬೇಕು. ಹುಡುಗ ಮೊದಲು ಬೈದುಕೊಂಡ. ಆಮೇಲೆ ಗೊತ್ತಾಯಿತು, ಆ ಕೋಣೆ ಒಂದು ಶಾಲೆ. ಮಾತಾಡುವುದು, ಪೆಟ್ಟಿಗೆಯಿಂದ ತೆಗೆದುಕೊಳ್ಳುವುದು, ಬಾಗಿಲು ತೆರೆಯುವುದು, ಮೆಟ್ಟಿಲು ಇಳಿಯುವುದು, ಆಟಕ್ಕೆ ಬೇಕಾದ ಮೊದಲ ಪಾಠಗಳನ್ನೆಲ್ಲ ಅಲ್ಲೇ ಕಲಿಸಿ ಹೊರಗೆ ಬಿಡುತ್ತಾರೆ. ಎಲ್ಲೂ ಭಾಷಣವಿಲ್ಲ. ಇದನ್ನು ಬರೆದವನಿಗೆ ಎದುರಿಗೆ ಕೂರುವವನು ಏನೂ ಗೊತ್ತಿಲ್ಲದವನು ಎಂಬ ಅರಿವು ಇತ್ತು.

ಬರೆದವನ ಹೆಸರು ಯೂಜಿ ಹೋರಿಇ. 1954ರಲ್ಲಿ ಅವಾಜಿ ದ್ವೀಪದಲ್ಲಿ ಹುಟ್ಟಿದವನು. ಅವಾಜಿ ಅಂದರೆ ಜಪಾನಿನಲ್ಲಿ ಈರುಳ್ಳಿಗೂ ಸೂತ್ರದ ಕುಣಿತಕ್ಕಲ್ಲದ ಕೈಗೊಂಬೆಯಾಟಕ್ಕೂ ಹೆಸರಾದ ಜಾಗ. ಹೋರಿಇಗೆ ಕಾಮಿಕ್ಸ್ ಚಿತ್ರಗಾರನಾಗುವ ಆಸೆಯಿತ್ತು, ಆದದ್ದು ಪತ್ರಿಕೆಗಳಿಗೆ ಬರೆಯುವ ಬಿಡಿ ಬರಹಗಾರ. ಪತ್ರಿಕೋದ್ಯಮ ಓದಿದ ನಮಗೆ ಈ ಸಂಗತಿ ಸ್ವಲ್ಪ ಹೆಚ್ಚೇ ಇಷ್ಟವಾಯಿತು ಅಂತ ಒಪ್ಪಿಕೊಳ್ಳುತ್ತೇವೆ. ಲಕ್ಷಾಂತರ ಹುಡುಗರು ಓದುತ್ತಿದ್ದ ಶೋನೆನ್ ಜಂಪ್ ಎಂಬ ವಾರಪತ್ರಿಕೆಗೆ ಅವನು ಬರೆಯುತ್ತಿದ್ದ.

1982ರಲ್ಲಿ ಎನಿಕ್ಸ್ ಎಂಬ ಕಂಪನಿ ಕಂಪ್ಯೂಟರ್ ಆಟ ಬರೆಯುವ ಸ್ಪರ್ಧೆ ನಡೆಸಿತು. ಹೋರಿಇ ಒಂದು ಟೆನಿಸ್ ಆಟ ಬರೆದು ಬಹುಮಾನ ಪಡೆದ. ಕೊಇಚಿ ನಾಕಾಮುರ ಎಂಬ ಎಳೆಯ ಹುಡುಗನೂ ಬಹುಮಾನ ಪಡೆದಿದ್ದ. ಮುಂದೆ ಡ್ರ್ಯಾಗನ್ ಕ್ವೆಸ್ಟಿನ ಪ್ರೋಗ್ರಾಂ ಬರೆದವನು ಅವನೇ. 1983ರಲ್ಲಿ ಇಬ್ಬರೂ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಆ್ಯಪಲ್ ಕಂಪ್ಯೂಟರಿನ ಜಾತ್ರೆಗೆ ಹೋದರು. ಅಲ್ಲಿ ಕಂಡದ್ದು ವಿಝರ್ಡ್ರಿ ಎಂಬ ಆಟ. ಅದೂ ಅಲ್ಟಿಮಾ ಎಂಬ ಇನ್ನೊಂದೂ ಬಂದದ್ದು 1981ರಲ್ಲಿ. ಎರಡಕ್ಕೂ ಮೂಲ 1974ರ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್, ಕಾಗದ ಪೆನ್ಸಿಲ್ ದಾಳ ಹಿಡಿದು ಮೇಜಿನ ಸುತ್ತ ಕೂತು ಆಡುವ ಆಟ. ನಮ್ಮ ಚೌಕಾಬಾರದ ಕವಡೆ ಬಿದ್ದಾಗ ಕಾಯಿ ಮುಂದೆ ಹೋಗುತ್ತದೆ, ಅವರ ದಾಳ ಬಿದ್ದಾಗ ಕಥೆ ಮುಂದೆ ಹೋಗುತ್ತದೆ.

ಆದರೆ ಅವೆಲ್ಲ ಕಂಪ್ಯೂಟರ್ ಇದ್ದವರ ಆಟ. ಕೀಬೋರ್ಡ್ ಬೇಕು, ಇಂಗ್ಲಿಷ್ ಬೇಕು, ದಪ್ಪ ಕೈಪಿಡಿ ಓದುವ ತಾಳ್ಮೆ ಬೇಕು. ಜಪಾನಿನ ಸಾಮಾನ್ಯ ಮನೆಯ ಮಕ್ಕಳ ಕೈಯಲ್ಲಿದ್ದದ್ದು ನಿಂಟೆಂಡೋ ಕಂಪನಿ 1983ರಲ್ಲಿ ತಂದ ಫ್ಯಾಮಿಕಾಂ, ಟಿವಿಗೆ ಚುಚ್ಚುವ ಪೆಟ್ಟಿಗೆ. ಇದರ ನಕಲನ್ನು ನೀವೂ ನೋಡಿರುತ್ತೀರಿ. ಹಳದಿ ಕ್ಯಾಸೆಟ್ ಹಾಕಿ ಮಾರಿಯೋ, ಕಾಂಟ್ರಾ ಆಡುತ್ತಿದ್ದ ವಿಡಿಯೋ ಗೇಮ್ ಅದರ ತದ್ರೂಪ. ನಮ್ಮೂರಿಗೆ ಬಂದ ಆ ಕ್ಯಾಸೆಟ್‌ಗಳಲ್ಲಿ ಓಡುವ, ಹಾರುವ, ಸುಡುವ ಆಟಗಳಿದ್ದವು. ಓದುವ ಆಟ ಒಂದೂ ಇರಲಿಲ್ಲ. ಅದರ ಕೈಯಲ್ಲಿ ಹಿಡಿಯುವ ಕಡ್ಡಿಪೆಟ್ಟಿಗೆಯಲ್ಲಿ ಒಂದು ದಿಕ್ಕಿನ ಗುರುತು, ಎರಡು ಮುಖ್ಯ ಗುಂಡಿ. ಅಷ್ಟರಲ್ಲೇ ಅಮೆರಿಕದ ಆ ದೊಡ್ಡ ಆಟವನ್ನು ಹಿಡಿಸಬೇಕು ಅಂತ ಹೊರಟವನು ಹೋರಿಇ. ನಕ್ಷೆಯ ಮೇಲೆ ನಡೆದಾಡುವುದನ್ನು ಅಲ್ಟಿಮಾದಿಂದ, ಹೊಡೆದಾಟದ ಬಗೆಯನ್ನು ವಿಝರ್ಡ್ರಿಯಿಂದ ತೆಗೆದುಕೊಂಡ. ಉಳಿದುದನ್ನೆಲ್ಲ ಕಡಿಮೆ ಮಾಡಿದ.

ಎಷ್ಟು ಕಡಿಮೆ? ಇಡೀ ಆಟ 64 ಕಿಲೋಬೈಟ್. ಬೆಳಿಗ್ಗೆ ನಿಮ್ಮ ವಾಟ್ಸಾಪಿಗೆ ಬರುವ ಶುಭೋದಯದ ಗುಲಾಬಿ ಚಿತ್ರ ಅದಕ್ಕಿಂತ ದೊಡ್ಡದಿರುತ್ತದೆ. ಅಷ್ಟರೊಳಗೆ ರಾಜ್ಯ, ಊರು, ಗುಹೆ, ರಾಕ್ಷಸರು, ಸಂಗೀತ, ಎಲ್ಲರ ಮಾತು. ಜಪಾನಿ ಭಾಷೆಯಲ್ಲಿ ಪರದೇಶಿ ಹೆಸರುಗಳನ್ನು ಬರೆಯಲು ಕಟಕಾನ ಎಂಬ ಬೇರೆ ಲಿಪಿ ಇದೆ. ಅದರ ಎಲ್ಲ ಅಕ್ಷರಗಳಿಗೂ ಜಾಗವಿಲ್ಲದೆ ಸುಮಾರು 20 ಅಕ್ಷರಗಳನ್ನು ಮಾತ್ರ ಇಟ್ಟುಕೊಂಡರು. ರಾಕ್ಷಸರಿಗೂ ಊರುಗಳಿಗೂ ಆ ಅಕ್ಷರಗಳಲ್ಲಿ ಬರೆಯಬಹುದಾದ ಹೆಸರನ್ನೇ ಹುಡುಕಬೇಕಾಯಿತು. ಒತ್ತಕ್ಷರ ಇಲ್ಲದೆ ಒಂದು ಇಡೀ ಪ್ರಸಂಗ ಬರೆಯಿರಿ ಅಂತ ನಮಗೆ ಯಾರಾದರೂ ಹೇಳಿದರೆ ಹೇಗಿರುತ್ತದೆ, ಹಾಗೆ.

ಚಿತ್ರ ಬರೆದವರು ಅಕಿರಾ ತೋರಿಯಾಮಾ. ಡ್ರ್ಯಾಗನ್ ಬಾಲ್ ಕಾರ್ಟೂನಿನವರು, 2024ರಲ್ಲಿ ತೀರಿಕೊಂಡರು. ಸ್ಲೈಮ್ ಎಂಬ ಲೋಳೆ ಪ್ರಾಣಿಯನ್ನು ಹೋರಿಇ ನೆಲದ ಮೇಲೆ ಚೆಲ್ಲಿದ ಕೆಸರಿನಂತೆ ಗೀಚಿ ಕೊಟ್ಟಿದ್ದ. ತೋರಿಯಾಮಾ ಅದನ್ನು ನಗುವ ನೀರ ಹನಿ ಮಾಡಿದರು. ಸಂಗೀತ ಕೊಇಚಿ ಸುಗಿಯಾಮಾ ಅವರದು. ಆಗಲೇ 50 ದಾಟಿದ್ದ ಅವರು ಎನಿಕ್ಸಿನ ಒಂದು ಶೋಗಿ ಆಟ, ಅಂದರೆ ಜಪಾನಿ ಚದುರಂಗ, ಆಡಿ ಅಭಿಪ್ರಾಯದ ಕಾರ್ಡ್ ಬರೆದಿದ್ದರು. ಆ ಕಾರ್ಡೇ ಅವರನ್ನು ಇಲ್ಲಿಗೆ ತಂದಿತು. 2021ರ ಟೋಕಿಯೋ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಕ್ರೀಡಾಪಟುಗಳ ಮೆರವಣಿಗೆ ಶುರುವಾದಾಗ ಮೊದಲು ಮೊಳಗಿದ್ದು ಈ ಆಟದ ಸಂಗೀತ. ನೀವೂ ಟಿವಿಯಲ್ಲಿ ಕೇಳಿರಬಹುದು, ಯಾವುದೆಂದು ತಿಳಿಯದೆ.

ಇನ್ನು ಜಗಲಿಗೆ ಬರೋಣ. ಅರಮನೆಯಿಂದ ಹೊರಬಂದ ಹುಡುಗ ಪಕ್ಕದ ಊರಿನ ಅಂಗಡಿಗೆ ಹೋದ. ಬಿದಿರು ಕೋಲು 10 ಕಾಸು, ದೊಣ್ಣೆ 60, ತಾಮ್ರದ ಕತ್ತಿ 180. ಬಟ್ಟೆ 20, ತೊಗಲಿನ ಕವಚ 70. ಇಲ್ಲಿ ನಮ್ಮಲ್ಲಿ ಜಗಳವೇ ಆಯಿತು. ಬಿದಿರು ಕೋಲು ಕೊಂಡು ಉಳಿದದ್ದರಲ್ಲಿ ಕವಚ ತಗೋ ಅಂತ ಒಬ್ಬ, ದೊಣ್ಣೆ ಇಲ್ಲದೆ ಹೊರಗೆ ಕಾಲಿಡಬೇಡ ಅಂತ ಇನ್ನೊಬ್ಬ. ಕೊನೆಗೆ ದೊಣ್ಣೆ, ಬಟ್ಟೆ, 24 ಕಾಸಿನ ಮದ್ದಿನ ಸೊಪ್ಪು. ಉಳಿದದ್ದು 16. ಛತ್ರದಲ್ಲಿ ಒಂದು ರಾತ್ರಿ ಮಲಗಲು 6. ಸಂತೆಗೆ ಹೋದ ಲೆಕ್ಕವೇ ಇದು ಅಂದರು ಅಜ್ಜಿ. ಬಿದಿರು ಕೋಲು ಕೊಳ್ಳಲಿಲ್ಲ ಅಂತ ಅವರಿಗೆ ಬೇಸರ. ಬಿದಿರು ಹಿಡಿದ ವೀರ ಅಂದರೆ ಅವರಿಗೆ ಜುಂಜಪ್ಪ. ಸಿರಾ ಸೀಮೆಯಲ್ಲಿ ಕಳುವರಹಳ್ಳಿ ಬಳಿ ಜುಂಜಪ್ಪನ ಗುಡ್ಡೆ ಇದೆ. ಕಾಡುಗೊಲ್ಲರು ಆ ದನಗಾಹಿ ವೀರನ ಕಥೆಯನ್ನು ಉದ್ದನೆಯ ಬಿದಿರಿನ ಗಣೆ ಊದುತ್ತ ರಾತ್ರಿಯೆಲ್ಲ ಹಾಡುತ್ತಾರೆ. ಅವನ ಬಡಮೈಲ ಎಂಬ ಗೂಳಿಯನ್ನು ನೆನೆಯದೆ ಆ ಕಥೆ ಮುಗಿಯುವುದಿಲ್ಲ.

ಅರಮನೆಯ ಹೊರಗೆ ಕೆಲವು ಹೆಜ್ಜೆ ಇಟ್ಟರೆ ನೀರಿನ ಆಚೆ ಒಂದು ಕೋಟೆ ಕಾಣುತ್ತದೆ. ಅದೇ ಡ್ರ್ಯಾಗನ್‌ಲಾರ್ಡನ ಕೋಟೆ, ಕಥೆ ಮುಗಿಯುವ ಜಾಗ. ಮೊದಲ ನಿಮಿಷದಲ್ಲೇ ಕಣ್ಣಿಗೆ ಬೀಳುತ್ತದೆ, ದಾರಿ ಮಾತ್ರ ಇಲ್ಲ. ಇಡೀ ಆಟವನ್ನು ಸುತ್ತಿ ಅಲ್ಲಿಗೆ ಬರಬೇಕು. ಮಧುಗಿರಿಯ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಏಕಶಿಲಾ ಬೆಟ್ಟದ ಮೇಲಿನ ಕೋಟೆ ಎಷ್ಟೋ ದೂರದಿಂದ ಕೈಗೆಟಕುವಂತೆ ಕಾಣುತ್ತದೆ, ಹತ್ತಲು ಹೊರಟವನ ತೊಡೆ ನಡುಗಿದಾಗಲೇ ಅದು ಎಲ್ಲಿದೆ ಅಂತ ತಿಳಿಯುವುದು. ಹೋರಿಇಯ ನಾಡಿನಲ್ಲಿ ಸೇತುವೆಗಳೂ ಎಚ್ಚರಿಕೆಯ ಗುರುತು. ಒಂದು ಸೇತುವೆ ದಾಟಿದರೆ ರಾಕ್ಷಸರು ಒಂದು ತೂಕ ಹೆಚ್ಚು. ಬೋರ್ಡು ಹಾಕಿಲ್ಲ, ಪೆಟ್ಟು ತಿಂದು ಕಲಿಯಬೇಕು.

ಒಂದು ಸ್ಲೈಮ್ ಹೊಡೆದರೆ ಅನುಭವದ ಅಂಕ 1. ಎರಡನೇ ಮೆಟ್ಟಿಲಿಗೆ 7 ಅಂಕ ಬೇಕು, ಮೂರಕ್ಕೆ 23, ನಾಲ್ಕಕ್ಕೆ 47. ಸತ್ತರೆ ರಾಜನ ಮುಂದೆ ಎದ್ದು ನಿಲ್ಲುತ್ತೀರಿ, ಕೈಯಲ್ಲಿದ್ದ ಕಾಸು ಅರ್ಧ ಹೋಗಿರುತ್ತದೆ, ಅನುಭವ ಹೋಗಿರುವುದಿಲ್ಲ. ಈ ನಿಯಮ ನಮಗೆ ಬಹಳ ಹಿಡಿಸಿತು. ಪರೀಕ್ಷಾ ಮಂಡಳಿಯವರೂ ಇದನ್ನು ಓದಲಿ.

ಹುಡುಗ ತಡವರಿಸಿದ್ದು ಹೊಡೆದಾಟದಲ್ಲಲ್ಲ, ಮಾತಿನಲ್ಲಿ. ಅಮೆರಿಕದ ರೂಪ ಮಾಡಿದವರು ರಾಜರ ಕಾಲದ ಗಾಂಭೀರ್ಯ ಬರಲಿ ಅಂತ 400 ವರ್ಷ ಹಳೆಯ ಇಂಗ್ಲಿಷ್ ಹಾಕಿದ್ದಾರೆ. 'ಯೂ' ಇರಬೇಕಾದ ಕಡೆಯೆಲ್ಲ 'ದೌ', 'ದೀ'. ಹಳಗನ್ನಡದಲ್ಲಿ ಬಸ್ ಬೋರ್ಡ್ ಬರೆದ ಹಾಗೆ. ಶಾಲೆಯ ಇಂಗ್ಲಿಷೇ ಕೈಕೊಟ್ಟವನಿಗೆ ಇದು ಇನ್ನೊಂದು ಬೀಗ, ಇದಕ್ಕೆ ಯಾವ ಪೆಟ್ಟಿಗೆಯಲ್ಲೂ ಬೀಗದ ಕೈ ಇಲ್ಲ. ಅರ್ಧ ಗಂಟೆ ಒದ್ದಾಡಿ, "ಇದನ್ನ ನಮ್ಮಂಥೋರಿಗೆ ಮಾಡಿಲ್ಲ ಬಿಡ್ರಣ್ಣ" ಅಂದ.

ನಾವು ಈ ಲೇಖನ ಬರೆಯಲು ಕೂತದ್ದು ಆ ಮಾತಿಗಾಗಿ. ಮಾಡಿದ್ದು ಅವನಂಥವರಿಗೇ. 1986ರ ಮೇ 27ರಂದು ಬಿಡುಗಡೆಯಾದಾಗ ಜಪಾನಿನ ಬಹುಪಾಲು ಮಕ್ಕಳಿಗೆ ಆರ್‌ಪಿಜಿ ಅಂದರೆ ಏನೆಂದೇ ಗೊತ್ತಿರಲಿಲ್ಲ, ಮಾರಾಟವೂ ಮೊದಲು ಮಂದವಾಗಿತ್ತು. ಹೋರಿಇ ಶೋನೆನ್ ಜಂಪ್ ಪುಟಗಳಲ್ಲಿ ಹೇಗೆ ಆಡುವುದು, ಇದರಲ್ಲಿ ಏನಿದೆ ಅಂತ ಬರೆದು ಹೇಳಿದ. ಕೊನೆಗೆ ಸುಮಾರು 15 ಲಕ್ಷ ಕ್ಯಾಸೆಟ್ ಹೋದವು. ಆ ಕ್ಯಾಸೆಟ್ಟಿನಲ್ಲಿ ಆಟ ಉಳಿಸುವ ಸೌಲಭ್ಯ ಇರಲಿಲ್ಲ. ಆಡಿ ನಿಲ್ಲಿಸುವಾಗ ರಾಜ 20 ಅಕ್ಷರಗಳ ಒಂದು ಮರುಜೀವದ ಮಂತ್ರ ಹೇಳುತ್ತಿದ್ದ. ಮಕ್ಕಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮರುದಿನ ಹಾಗೇ ತುಂಬಬೇಕು. ಮಸುಕು ಟಿವಿಯಲ್ಲಿ ಒಂದರಂತೆ ಒಂದು ಕಾಣುವ ಅಕ್ಷರಗಳು, ನಮ್ಮ 'ಪ' 'ಷ' ಇದ್ದ ಹಾಗೆ. ಒಂದು ತಪ್ಪಿದರೆ ಅಷ್ಟು ದಿನದ ದುಡಿಮೆ ನೀರಲ್ಲಿ ಹೋಮ. 1988ರ ಫೆಬ್ರವರಿ 10, ಬುಧವಾರ, ಮೂರನೇ ಭಾಗ ಬಂದಾಗ ಶಾಲೆ ತಪ್ಪಿಸಿ ಅಂಗಡಿ ಮುಂದೆ ಸಾಲುಗಟ್ಟಿದ ಮಕ್ಕಳನ್ನು ಪೊಲೀಸರು ಹಿಡಿದು ಬುದ್ಧಿ ಹೇಳಬೇಕಾಯಿತು. ಅಮೆರಿಕದಲ್ಲಿ ಮಾತ್ರ ಅಷ್ಟು ಓಡಲಿಲ್ಲ. ಉಳಿದ ಕ್ಯಾಸೆಟ್‌ಗಳನ್ನು ನಿಂಟೆಂಡೋ ತನ್ನ ಪತ್ರಿಕೆಯ ಚಂದಾದಾರರಿಗೆ ಪುಕ್ಕಟೆ ಹಂಚಿತು.

ಅಂದರೆ ಜಪಾನಿನ ಮಗುವಿಗೆ ಅದರ ಮಾತಿನಲ್ಲೇ ಸಿಕ್ಕಿದ್ದು, ಅಮೆರಿಕ ಸುತ್ತಿ ನಮ್ಮ ಜಗಲಿಗೆ ಬರುವಷ್ಟರಲ್ಲಿ ಪಂಡಿತರ ಆಟವಾಗಿದೆ. ಇದನ್ನು ಅವನಿಗೆ ಹೇಳಿದೆವು. ಅವನು ಏನೂ ಅನ್ನಲಿಲ್ಲ. ಮರುದಿನ ಹಳೆಯ ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಕಾವಲುಗಾರರ ಮಾತುಗಳನ್ನು ಕನ್ನಡಕ್ಕೆ ಇಳಿಸಲು ಶುರು ಮಾಡಿದ್ದ. ಗೊತ್ತಾಗದ್ದನ್ನು ನಮ್ಮನ್ನು ಕೇಳುತ್ತಿದ್ದ, ನಮಗೂ ಗೊತ್ತಾಗದ್ದನ್ನು ನಾವು ಕಳ್ಳತನದಲ್ಲಿ ಫೋನಿನಲ್ಲಿ ಹುಡುಕುತ್ತಿದ್ದೆವು.

ಅರಮನೆಯ ವಾಯವ್ಯಕ್ಕೆ ಒಂದು ಗುಹೆ ಇದೆ. ರಾಕ್ಷಸರಿಲ್ಲ, ಕತ್ತಲು ಮಾತ್ರ. ರಾಜ ಕೊಟ್ಟ ಪಂಜು ಉರಿಯುವುದು ಇಲ್ಲೇ. ಕೆಳಗಿನ ಅಂತಸ್ತಿನಲ್ಲಿ ಎರ್ಡ್ರಿಕ್ ಬರೆಸಿಟ್ಟ ಫಲಕ. ಬಿ.ಎಲ್. ರೈಸ್ ತುಮಕೂರು ಜಿಲ್ಲೆಯ ಶಾಸನಗಳನ್ನು 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 12ನೇ ಸಂಪುಟವಾಗಿ ಅಚ್ಚು ಹಾಕಿಸಿದರು. ಅದರಲ್ಲಿ ನಮ್ಮ ಸಿರಾ ಸೀಮೆಯ ಕಲ್ಲುಗಳೂ ಇವೆ, ದಾನ ಕೊಟ್ಟವರ, ಸತ್ತವರ ಮಾತು. ಗುಹೆಯ ಫಲಕ ಮಾತಾಡುವುದು ಓದುತ್ತಿರುವವನ ಜೊತೆಗೇ. ನಾನು ನಿನ್ನ ಹಿರೀಕ, ಆ ದ್ವೀಪ ಸೇರಲು ಮೂರು ವಸ್ತು ಬೇಕಾದವು, ಅವನ್ನು ಮೂವರು ಯೋಗ್ಯರ ಕೈಗೆ ಒಪ್ಪಿಸಿದ್ದೇನೆ, ಕೇಡು ಮತ್ತೆ ಬಂದರೆ ಒಟ್ಟುಗೂಡಿಸಿಕೊಂಡು ಹೋಗು ಎಂಬಂಥ ಒಕ್ಕಣೆ. ಹುಡುಗ ಇದನ್ನು ನಮ್ಮ ಸಹಾಯವಿಲ್ಲದೆ ಬರೆದ. 'ದೌ' ಬಂದ ಕಡೆ ಮೊದಲು 'ನೀವು' ಹಾಕಿ, ಹೊಡೆದುಹಾಕಿ, 'ಕಣಪ್ಪ ನೀನು' ಅಂತ ಮಾಡಿದ್ದ. ಅಜ್ಜಿಗೆ ಓದಿ ಹೇಳಿದ. ಅವರು ಕಾಳು ಸುಲಿಯುವುದನ್ನು ನಿಲ್ಲಿಸಿ, "ಇನ್ನೊಂದ್ ಕಿತ ಓದು" ಅಂದರು.

ಈಗ ನಾವು ನಾಲ್ಕನೇ ಮೆಟ್ಟಿಲಿನಲ್ಲಿದ್ದೇವೆ. ತಾಮ್ರದ ಕತ್ತಿಗೆ ಇನ್ನೂ 31 ಕಾಸು ಕಡಿಮೆ. ಮೊನ್ನೆ ಸೇತುವೆ ದಾಟಿ ಸತ್ತೆವು, ಇದ್ದದ್ದರಲ್ಲಿ ಅರ್ಧ ಹೋಯಿತು. ನೋಟ್‌ಬುಕ್ಕಿನಲ್ಲಿ 11 ಹಾಳೆ ತುಂಬಿದೆ, ಇಂಗ್ಲಿಷ್ ಪರೀಕ್ಷೆ ಇನ್ನೂ ಬರಬೇಕು.